ವರ್ಡ್‌ಪ್ರೆಸ್ ಥೀಮ್ ಬದಲಿಸಿದ ಮೇಲೆ ನನ್ನ ಯಕ್ಷಗಾನ ಫೋಟೋಗಳಲ್ಲಿ ಕಿರೀಟ ಕಟ್ ಆಗುತ್ತಿರುವುದು ಯಾಕೆ?

ಮೂಲ ಫೋಟೋಗೆ ಏನೂ ಆಗಿಲ್ಲ. ಮುಖಪುಟದಲ್ಲಿ ಕಾಣುವುದು ಹೊಸ ಥೀಮಿನ ಚೌಕಟ್ಟಿಗೆ ಹೊಂದುವಂತೆ ಕತ್ತರಿಸಿದ ರೂಪ ಮಾತ್ರ.

ಫೋಟೋ ಅಪ್‌ಲೋಡ್ ಆದಾಗಲೇ ವರ್ಡ್‌ಪ್ರೆಸ್ ಅದರ ಹಲವು ಸಣ್ಣ ಪ್ರತಿಗಳನ್ನು ಮಾಡಿಡುತ್ತದೆ. ಮಾಮೂಲಿ ಥಂಬ್‌ನೇಲ್ 150×150 ಪಿಕ್ಸೆಲ್. ಥೀಮ್ ತನ್ನದೇ ಅಳತೆಗಳನ್ನೂ ಸೇರಿಸಬಹುದು. ಚೌಕಾಕಾರ ಬೇಕೆಂದರೆ ವರ್ಡ್‌ಪ್ರೆಸ್ ಸಾಮಾನ್ಯವಾಗಿ ಫೋಟೋದ ನಡುಭಾಗ ಉಳಿಸಿ ಅಂಚು ತೆಗೆಯುತ್ತದೆ. ಮಲ್ಪೆ ಕಡಲಿನ ಅಡ್ಡ ಫೋಟೋದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತ ವೇಷದ ಉದ್ದ ಫೋಟೋದಲ್ಲಿ ಮೇಲೆ ಕಿರೀಟ, ಕೆಳಗೆ ಗೆಜ್ಜೆ ಎರಡೂ ಹೋಗುತ್ತವೆ. ಕಿರೀಟವೇ ಇಲ್ಲದಿದ್ದರೆ ತೆಂಕುತಿಟ್ಟಿನ ವೇಷಕ್ಕೆ ಗತ್ತೆಲ್ಲಿ, ಅಲ್ವಾ?

ಥೀಮಿನ ಸೆಟ್ಟಿಂಗ್‌ನಲ್ಲಿ ಮೇಸನ್ರಿ ಜೋಡಣೆ ಇದ್ದರೆ ಅದನ್ನೇ ಆರಿಸಿ. ಅದರಲ್ಲಿ ಪ್ರತಿ ಫೋಟೋ ತನ್ನ ಎತ್ತರದಲ್ಲೇ ನಿಲ್ಲುತ್ತದೆ. ಆಮೇಲೆ ಈ ಸಣ್ಣ ಪ್ರತಿಗಳನ್ನು ಹೊಸದಾಗಿ ಮಾಡಿಕೊಡುವ ರೀಜನರೇಟ್ ಥಂಬ್‌ನೇಲ್ಸ್ ಪ್ಲಗಿನ್ ಹಾಕಿ ಒಮ್ಮೆ ಓಡಿಸಿ. ಇದು ಮುಖ್ಯ. ಹಳೆಯ ಫೋಟೋಗಳ ಪ್ರತಿಗಳು ಹಳೆಯ ಥೀಮಿನ ಅಳತೆಯಲ್ಲೇ ಕೂತಿರುತ್ತವೆ, ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹೊಸದಾಗುವುದಿಲ್ಲ. ಇದನ್ನು ಮಾಡದೆ ಸುಮ್ನೆ ಥೀಮ್ ಮೇಲೆ ಥೀಮ್ ಬದಲಿಸುವವರೇ ಜಾಸ್ತಿ.

ಮೇಸನ್ರಿ ಇಲ್ಲದ ಥೀಮ್ ಆದರೆ, ಮುಖಪುಟಕ್ಕೆ ಮಾತ್ರ ಕಿರೀಟ ನಡುವಿಗೆ ಬರುವಂತೆ ನೀವೇ ಕ್ರಾಪ್ ಮಾಡಿದ ಫೋಟೋ ಕೊಡಿ.