ಫ್ಲೆಕ್ಸಿನ ಕೆಳಗಿನ ಸಾಲಿನಲ್ಲಿ ನಮ್ಮ ಫೋಟೋ ಇರುತ್ತದೆ

ನೀವು ಕೇಳಿದ ಪ್ರಶ್ನೆ ಇದು: "ಕೊಲೆ, ಅತ್ಯಾಚಾರದಂಥ ಆರೋಪ ಬಂದರೂ ಹೆಸರು ಮಾಡಿದವರನ್ನು ಜನ ಯಾಕೆ ಬಿಟ್ಟುಕೊಡುವುದಿಲ್ಲ? ನನ್ನ ತಮ್ಮ ಇರುವೆಗೂ ನೋವು ಮಾಡದ ಹುಡುಗ, ಈ ವಿಷಯ ಎತ್ತಿದರೆ ಮಾತ್ರ ಜಗಳಕ್ಕೇ ನಿಲ್ಲುತ್ತಾನೆ." ನಿಮ್ಮ ತಮ್ಮನಂಥ ಹುಡುಗರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನ ಶಿರಾ ಗೇಟ್ ಕಡೆ ನನ್ನದೊಂದು ಬ್ಯಾನರ್ ಪ್ರಿಂಟಿಂಗ್ ಅಂಗಡಿ. ಈಗ ಬಟ್ಟೆ ಮೇಲೆ ಪ್ರಿಂಟ್ ಹಾಕಿದರೂ ಜನರ ಬಾಯಲ್ಲಿ ಅದು ಫ್ಲೆಕ್ಸೇ. ನಾಮಕರಣ, ಗೃಹಪ್ರವೇಶ, ಊರಹಬ್ಬ, ಶ್ರದ್ಧಾಂಜಲಿ, ಲೀಡರುಗಳ ಹುಟ್ಟುಹಬ್ಬ. ಫೆಬ್ರವರಿ 16 ಹತ್ತಿರ ಬಂದರೆ ನಟ ದರ್ಶನ್ ಹುಟ್ಟುಹಬ್ಬದ ಆರ್ಡರುಗಳು.

2024ರ ಜೂನ್ 11ಕ್ಕೆ ದರ್ಶನ್ ಅರೆಸ್ಟ್ ಆದರು. ಚಿತ್ರದುರ್ಗದ ಯುವಕನೊಬ್ಬನನ್ನು ಬೆಂಗಳೂರಿಗೆ ಕರೆತಂದು ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಸಾಯಿಸಿದ ಆರೋಪ. ದರ್ಶನ್ ಗೆಳತಿಗೆ ಅವನು ಅಶ್ಲೀಲ ಮೆಸೇಜ್ ಕಳಿಸಿದ್ದ ಅನ್ನೋದು ಕಾರಣವಂತೆ. ವಿಚಾರಣೆ ನಡೆಯುತ್ತಿದೆ, ತೀರ್ಪು ಕೊಡೋದು ನನ್ನ ಕೆಲಸವಲ್ಲ. ನಾನು ಹೇಳಬೇಕೆಂದಿರೋದು ಅದಾಗಿ ಮೂರೋ ನಾಲ್ಕೋ ದಿನಕ್ಕೆ ನನ್ನ ಅಂಗಡಿಗೆ ಬಂದ ಮೂವರು ಹುಡುಗರ ವಿಷಯ.

ಮೂವರೂ ಗೊತ್ತಿರುವವರೇ. ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ತರಕಾರಿ ಲೋಡಿಂಗ್, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿ ಕೆಲಸ. ಎಂಟಡಿ ಆರಡಿ ಬ್ಯಾನರು ಬೇಕು, "ನಿಮ್ಮ ಜೊತೆ ನಾವಿದ್ದೀವಿ ಬಾಸ್" ಅಂತ ದಪ್ಪಕ್ಷರದಲ್ಲಿ ಬರಬೇಕು ಅಂದರು. ನಾನು ಕಂಪ್ಯೂಟರ್ ಮುಂದೆ ಕೂತು, "ಏನ್ರೋ, ಒಬ್ಬ ಮನುಷ್ಯ ಸತ್ತವ್ನೆ ಕಣ್ರೋ" ಅಂದೆ.

ಆಟೋ ಹುಡುಗ ಥಟ್ಟನೆ, "ಅವ್ನು ಅಂಥಾ ಮೆಸೇಜ್ ಹಾಕಿದ್ದು ಸರೀನಾ ಅಣ್ಣ? ನನ್ ತಂಗಿಗೆ ಯಾವನಾದ್ರೂ ಹಂಗ್ ಮಾಡಿದ್ರೆ ನಾನ್ ಸುಮ್ನಿರ್ತಿದ್ನಾ?" ಅಂದ.

"ಸರಿ. ನಿಮ್ಮಣ್ಣನ್ನ ಯಾರೋ ಕಾರಲ್ಲಿ ಎತ್ತಾಕ್ಕೊಂಡು ಹೋಗಿದ್ರೆ?"

"ನಮ್ಮಣ್ಣ ಅಂಥೋನಲ್ಲ ಬಿಡಣ್ಣ."

ಗಮನಿಸಿ, ಆ ಮೂವರಲ್ಲಿ ಒಬ್ಬನೂ "ಬಾಸ್ ಹಂಗ್ ಮಾಡಿಲ್ಲ" ಅನ್ನಲಿಲ್ಲ. "ಸಾಬೀತಾಗೋವರೆಗೂ ನಿರಪರಾಧಿ" ಅಂದಿದ್ದರೆ ನಾನೇ ತಲೆಯಾಡಿಸುತ್ತಿದ್ದೆ, ಕಾನೂನು ಹೇಳುವುದೂ ಅದನ್ನೇ. ಇವರು ಹೇಳಿದ್ದು ಬೇರೆ: ಮಾಡಿದ್ದರೂ ಅದಕ್ಕೊಂದು ಕಾರಣ ಇತ್ತು. ನಿಮ್ಮ ತಮ್ಮ ಯಾವುದನ್ನು ಹೇಳುತ್ತಿದ್ದಾನೆ ಅಂತ ಮೊದಲು ಕೇಳಿ ನೋಡಿ. ಎರಡೂ ಒಂದೇ ಅಂತ ಅವನೂ ಅಂದುಕೊಂಡಿರಬಹುದು.

ನನಗೆ ಅರ್ಥವಾದದ್ದು ಆ ಬ್ಯಾನರ್ ಡಿಸೈನ್ ಮಾಡುವಾಗ. ಯಾವ ಸ್ಟಾರ್ ಫ್ಲೆಕ್ಸನ್ನಾದರೂ ನೋಡಿ, ನಡುವೆ ಆಳೆತ್ತರದ ನಾಯಕ ಇರುತ್ತಾನೆ. ಕೆಳಗೆ "ಶುಭ ಕೋರುವವರು" ಅಂತ ಒಂದು ಸಾಲು, ಅದರಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು, ಕೂಲಿಂಗ್ ಗ್ಲಾಸು, ಹೆಸರಿನ ಮುಂದೆ "ಅಧ್ಯಕ್ಷರು", "ಉಪಾಧ್ಯಕ್ಷರು". ದುಡ್ಡು ಕೊಡುವುದು ಆ ಕೆಳಗಿನ ಸಾಲು. ಡಿಸೈನ್ ತೋರಿಸಿದರೆ ಮೊದಲು ನೋಡುವುದೂ ಅದನ್ನೇ. "ನಂದು ಸ್ವಲ್ಪ ಬೆಳ್ಳಗ್ ಮಾಡಣ್ಣ", "ನನ್ನನ್ನ ಬಾಸ್ ಭುಜದ್ ಹತ್ರ ತಗೊಂಡ್ ಬಾ." ಲೋಡಿಂಗ್ ಹುಡುಗನನ್ನು ಮಂಡಿಯಲ್ಲಿ ಎಲ್ಲರೂ "ಲೇ" ಅಂತಲೇ ಕೂಗೋದು. ಅಭಿಮಾನಿ ಸಂಘದ ಫ್ಲೆಕ್ಸಿನಲ್ಲಿ ಮಾತ್ರ ಅವನ ಹೆಸರಿನ ಮುಂದೆ "ಶ್ರೀ" ಇದೆ.

ಅಂಥವನಿಗೆ ನಡುವಿನ ದೊಡ್ಡ ಫೋಟೋ ಇಳಿಸು ಅಂದರೆ, ಅದರ ಜೊತೆಗೆ ತನ್ನ ಫೋಟೋನೂ ಇಳಿಯುತ್ತದೆ. ಅವನು ಕಾಪಾಡುತ್ತಿರುವುದು ನಟನನ್ನಷ್ಟೇ ಅಲ್ಲ. ಸತ್ತ ಯುವಕ ಮೆಡಿಕಲ್ ಶಾಪಿನಲ್ಲಿ ಸಂಬಳಕ್ಕಿದ್ದವನು, ಮದುವೆಯಾಗಿತ್ತು, ಹೆಂಡತಿ ಬಸುರಿ. ಸಂಪಾದನೆ, ಮನೆ, ಊರು ಯಾವುದನ್ನು ನೋಡಿದರೂ ಈ ಮೂವರು ಹುಡುಗರ ಪಕ್ಕ ನಿಲ್ಲುವವನು. ಇವರು ಹೋಗಿ ನಿಂತದ್ದು ಮಾತ್ರ ನಟನ ಪಕ್ಕ. ಹೊಡೆತ ತಿನ್ನುವ ಜಾಗದಲ್ಲಿ ನಮ್ಮನ್ನು ಇಟ್ಟುಕೊಂಡು ನೋಡುವುದು ಕಷ್ಟ, ಹೊಡೆಯುವ ಜಾಗದಲ್ಲಿ ಇಟ್ಟುಕೊಳ್ಳುವುದಕ್ಕೆ ಸಿನಿಮಾ ನೋಡಿ ನೋಡಿ ಅಭ್ಯಾಸವಾಗಿದೆ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಇದರ ಹಿಂದುಮುಂದು.

ಹುಡುಗರನ್ನು ಪೆದ್ದರು ಅನ್ನಲು ನನಗೆ ಮನಸ್ಸಿಲ್ಲ. ಕೇಕು, ಹಾರ ಬೇಡ, ಅಕ್ಕಿ ಬೇಳೆ ತನ್ನಿ ಅಂತ ದರ್ಶನ್ ಹುಟ್ಟುಹಬ್ಬಕ್ಕೆ ಕೇಳಿಕೊಂಡಾಗ ಇವರೇ ಮೂಟೆ ಹೊತ್ತರು, ಅದು ಮಠ, ಆಶ್ರಮಗಳಿಗೆ ಹೋಯಿತು. ರಕ್ತದಾನ ಶಿಬಿರ ಮಾಡಿದ್ದಾರೆ, ಅದಕ್ಕೂ ಬ್ಯಾನರು ನನ್ನದೇ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಅಂದರು, ದರ್ಶನ್ ತಮ್ಮ ಅಭಿಮಾನಿಗಳನ್ನು ಸೆಲೆಬ್ರಿಟಿಗಳು ಅನ್ನುತ್ತಾರೆ. ಮಂಡಿಯಲ್ಲಿ "ಲೇ" ಅನ್ನಿಸಿಕೊಳ್ಳುವವನಿಗೆ ಆ ಒಂದು ಮಾತು ಎಷ್ಟು ತೂಕದ್ದು ಅಂತ ಯೋಚಿಸಿ. ಅದು ಋಣ. ಋಣ ಇರುವವರ ಮೇಲೆ ನಾವು ಸಾಕ್ಷಿ ಹೇಳುವುದಿಲ್ಲ.

ಇದನ್ನು ನಾನು ಸಿನಿಮಾದಿಂದ ಕಲಿತದ್ದಲ್ಲ, ಮನೆಯಲ್ಲಿ ಕಲಿತದ್ದು. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನನಗಾಗ ಹನ್ನೆರಡು ವರ್ಷ ಇರಬೇಕು. ಊರಿನ ದೊಡ್ಡ ಕುಳವೊಬ್ಬರು ತೋಟದಲ್ಲಿ ಕಾಯಿ ಕದ್ದ ಅಂತ ಕೂಲಿಯಾಳೊಬ್ಬನನ್ನು ಗುದ್ದಲಿ ಕಾವಿನಲ್ಲಿ ಹೊಡೆದರು. ಅಪ್ಪ, ನಾನು ಬದುವಿನ ಮೇಲೆ ನಿಂತಿದ್ದೆವು. ಅವನು ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೇಲೆ ಏಟು ಬಿತ್ತು, ಒಣ ಗರಿ ಮುರಿದ ಹಾಗೆ ಸದ್ದಾಯಿತು. ಎರಡು ದಿನ ಬಿಟ್ಟು ಪೊಲೀಸರು ಬಂದು ಕೇಳಿದರೆ ಅಪ್ಪ "ಅವತ್ತು ಸಂತೆಗೆ ಹೋಗಿದ್ದೆ ಸ್ವಾಮಿ" ಅಂದರು. ರಾತ್ರಿ ಅವ್ವ ಕೇಳಿದ್ದಕ್ಕೆ, "ಬೋರ್ ಕೊರ್ಸಕ್ಕೆ ದುಡ್ ಕೊಟ್ಟೋರು ಅವ್ರು. ಇವ್ನೇನ್ ಕೊಟ್ಟವ್ನೆ ನಮ್ಗೆ?" ಅಂದರು. ಅಪ್ಪ ಕೆಟ್ಟವರಲ್ಲ, ಯಾರ ಒಂದು ಕಾಯೂ ಮುಟ್ಟಿದವರಲ್ಲ. ಆ ಆಳಿನ ಕೈ ಸೊಟ್ಟಗೆ ಕೂಡಿಕೊಂಡಿತು. ಆಮೇಲೂ ಅಪ್ಪನನ್ನು ಕಂಡರೆ ಎಡಗೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ನಾನು ಆ ಕೈ ನೋಡುತ್ತಿರಲಿಲ್ಲ.

ದೊಡ್ಡವರನ್ನು ಉಳಿಸಿಕೊಂಡಾಗ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, ಅದಕ್ಕೆ ಹತ್ತಿರದಲ್ಲಿ ಯಾರಾದರೂ ಸಿಗುತ್ತಾರೆ, ಹೆಚ್ಚಾಗಿ ಒಬ್ಬ ಹೆಂಗಸು. 2011ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಪತ್ನಿಯ ಮೇಲೆ ಹಲ್ಲೆ ಮಾಡಿದ ದೂರಿನ ಮೇಲೆ ದರ್ಶನ್ ಜೈಲಿಗೆ ಹೋದರು. ಆಮೇಲೆ ಪತ್ನಿ ದೂರಿನಿಂದ ಹಿಂದೆ ಸರಿದರು. ಅಷ್ಟರಲ್ಲಿ ನಿರ್ಮಾಪಕರ ಸಂಘ ಮೂರು ವರ್ಷದ ನಿಷೇಧ ಹಾಕಿತು, ದರ್ಶನ್ ಮೇಲಲ್ಲ, ನಟಿ ನಿಕಿತಾ ಮೇಲೆ, ಅವರ ಸಂಸಾರ ಕೆಡಿಸಿದಳು ಅಂತ. ಟೀಕೆ ಜೋರಾದ ಮೇಲೆ ವಾಪಸ್ ತೆಗೆದುಕೊಂಡರು. ದರ್ಶನ್ ಇನ್ನೂ ಒಳಗಿರುವಾಗಲೇ "ಸಾರಥಿ" ಬಿಡುಗಡೆಯಾಗಿ ದೊಡ್ಡ ಹಿಟ್ ಆಯಿತು. ನಾನೂ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿದೆ, ಶಿಳ್ಳೆ ಹೊಡೆದೆ. ಮನೆಗೆ ಬರುವಾಗ ಅವಳು ಬೈಕ್ ಹಿಂದೆ ಕೂತು, "ಅವ್ರ ಹೆಂಡ್ತಿ ಮುಖ ಹೆಂಗಾಗಿತ್ತೋ" ಅಂತ ಒಂದೇ ಮಾತು ಅಂದಳು. ನನಗೆ ಅದುವರೆಗೂ ಅದು ಹೊಳೆದೇ ಇರಲಿಲ್ಲ.

ಕನ್ನಡದವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. 2002ರಲ್ಲಿ ಮುಂಬೈ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿದು ಒಬ್ಬರು ಸತ್ತ ಪ್ರಕರಣದಲ್ಲಿ ಸಲ್ಮಾನ್ ಖಾನ್‌ಗೆ 2015ರ ಮೇನಲ್ಲಿ ಐದು ವರ್ಷ ಶಿಕ್ಷೆಯಾಯಿತು, ಅದೇ ಡಿಸೆಂಬರಿನಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಕೋರ್ಟು ಬಿಟ್ಟಿದ್ದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಶಿಕ್ಷೆಯಾದಾಗ "ರಸ್ತೆಯಲ್ಲಿ ಯಾಕೆ ಮಲಗಬೇಕಿತ್ತು" ಅನ್ನುವ ಮಾತು ನಮ್ಮ ಟೀ ಅಂಗಡಿಯಲ್ಲೇ ನನ್ನ ಕಿವಿಗೆ ಬಿತ್ತು. ಮಧ್ಯೆ ಹದಿಮೂರು ವರ್ಷ. ಅಷ್ಟು ವರ್ಷದಲ್ಲಿ ನಾಯಕನ ಎಷ್ಟೋ ಸಿನಿಮಾ ನೋಡಿರುತ್ತೇವೆ, ಸತ್ತವರ ಮುಖ ಒಂದು ಸಲವೂ ನೋಡಿರುವುದಿಲ್ಲ. ಕೇಸು ಎಳೆದಷ್ಟೂ ಮರೆವು ಆರೋಪಿಯ ಕಡೆಗೇ ವಾಲುತ್ತದೆ.

ಬಾಬಾಗಳ ವಿಷಯದಲ್ಲಿ ಇದು ಇನ್ನೂ ಭಯಂಕರ. 2017ರ ಆಗಸ್ಟ್ 25ಕ್ಕೆ ಗುರ್ಮೀತ್ ರಾಮ್ ರಹೀಮ್ ಅತ್ಯಾಚಾರಿ ಅಂತ ಕೋರ್ಟು ಹೇಳಿದ ದಿನ ಹರಿಯಾಣದ ಪಂಚಕುಲದಲ್ಲಿ ಭಕ್ತರು ಎಬ್ಬಿಸಿದ ಗಲಭೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಫ್ಲೆಕ್ಸಿನ ಕೆಳಸಾಲಿನಲ್ಲಿ ಇದ್ದದ್ದು ಅವರ ದೇವರು, ಮನೆಯವರ ಕಾಯಿಲೆ ಕಸಾಲೆ, ಮಕ್ಕಳ ಮದುವೆ, ಎಲ್ಲಾ.

ಜನ ಯಾವಾಗಲೂ ದೊಡ್ಡವರನ್ನು ಉಳಿಸಿಕೊಳ್ಳುತ್ತಾರೆ ಅಂತಲೂ ಇಲ್ಲ. ಹಾಸನದಲ್ಲಿ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ 2024ರ ಚುನಾವಣೆಯಲ್ಲಿ ಸೋತರು, ಅತ್ಯಾಚಾರದ ಕೇಸಿನಲ್ಲಿ 2025ರ ಆಗಸ್ಟ್ 2ಕ್ಕೆ ಜೀವಾವಧಿ ಶಿಕ್ಷೆಯೂ ಆಯಿತು. ದೂರು ಕೊಟ್ಟು ಕೊನೆಯವರೆಗೆ ನಿಂತದ್ದು ಅವರ ಮನೆತನದಲ್ಲಿ ಕೆಲಸಕ್ಕಿದ್ದ ಹೆಂಗಸು. ಅವರ ಸೀರೆಯೂ ಸಾಕ್ಷ್ಯವಾಯಿತು. ಆದರೆ ಆ ಚುನಾವಣೆಯ ಹೊತ್ತಿಗೆ ಪ್ರಜ್ವಲ್‌ ಅವರದ್ದು ಎನ್ನಲಾದ, ಹೆಣ್ಣುಮಕ್ಕಳ ಮುಖ ಕಾಣುವ ಅಶ್ಲೀಲ ವಿಡಿಯೋಗಳು ತುಮಕೂರಿನಲ್ಲಿ ನನ್ನ ಮೊಬೈಲಿಗೂ ಬಂದವು. ಕಳಿಸಿದವರು "ಇಂಥವನನ್ನ ಗಲ್ಲಿಗೆ ಹಾಕಬೇಕು" ಅಂತಲೂ ಬರೆದಿದ್ದರು. ನನಗೆ ಇವತ್ತಿಗೂ ಅದು ಹೊಟ್ಟೆ ತೊಳಸುತ್ತದೆ. ಬೈದವರಿಗೂ ಆ ಹೆಂಗಸರು ಕಣ್ಣಿಗೆ ಬೀಳಲಿಲ್ಲ.

ಆವತ್ತು ನಾನು ಬ್ಯಾನರು ಹಾಕಿಕೊಟ್ಟೆ. ನಾನು ಇಲ್ಲ ಅಂದರೆ ಪಕ್ಕದ ಅಂಗಡಿ ಅಂತ ಮನಸ್ಸಿಗೆ ಹೇಳಿಕೊಂಡೆ. ಕೆಲವು ದಿನ ಕಳೆದು ವಿಚಾರಣಾಧೀನ ಕೈದಿ ಸಂಖ್ಯೆ 6106 ಅಂತ ಬೈಕಿಗೆ ಸ್ಟಿಕ್ಕರ್ ಕೇಳಿಕೊಂಡು ಬಂದರು. ಬೇರೆಲ್ಲೋ ಒಂದು ಮಗುವಿಗೆ ಕೈದಿ ಬಟ್ಟೆ ಹಾಕಿ, ಆ ನಂಬರ್ ಬರೆದು ಫೋಟೋ ತೆಗೆಸಿದ್ದು ಸುದ್ದಿಯಾಗಿತ್ತು. ಸ್ಟಿಕ್ಕರ್ ಮಾತ್ರ ನಾನು ಕತ್ತರಿಸಿ ಕೊಡಲಿಲ್ಲ. ಆಟೋ ಹುಡುಗ ಮುನಿಸಿಕೊಂಡು ಹೋದವನು ವರ್ಷ ಕಳೆದರೂ ಬರಲಿಲ್ಲ.

2025ರ ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ದರ್ಶನ್ ಜಾಮೀನು ರದ್ದು ಮಾಡಿತು, ಎಷ್ಟೇ ದೊಡ್ಡವರಾದರೂ ಕಾನೂನಿಗಿಂತ ಮೇಲಲ್ಲ ಅಂತಲೂ ಹೇಳಿತು. ಅದಾಗಿ ಸ್ವಲ್ಪ ದಿನಕ್ಕೆ ಹುಡುಗ ಬಂದ. ಮಗಳ ನಾಮಕರಣದ ಫ್ಲೆಕ್ಸು ಆಗಬೇಕಿತ್ತು. ಮೇಲಿನ ಮೂಲೆಯಲ್ಲಿ ಬಾಸ್ ಫೋಟೋ ಇರಲಿ ಅಂದ, ಹಾಕಿದೆ. ಕೇಸಿನ ಬಗ್ಗೆ ನಾನು ವಾದ ಮಾಡಲಿಲ್ಲ. ಮಗು ಹೇಗಿದೆ, ಯಾರ ಹಾಗಿದೆ ಅಂತ ಕೇಳಿದೆ. ಸತ್ತವನ ಹೆಂಡತಿಗೂ ಗಂಡುಮಗು ಆಯಿತಂತೆ, ಅಪ್ಪನ ಮುಖ ನೋಡಲಿಲ್ಲ ಅದು, ಅಂದೆ. ಹೂಂ ಅಂದ, ಪೇಪರಿನಲ್ಲಿ ಓದಿದ್ದನಂತೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಿರಿಯೂರು, ಶಿರಾ ದಾಟಿ ನಮ್ಮೂರ ಪಕ್ಕದಲ್ಲೇ ಹೋಗುತ್ತದೆ. ಆ ಕಾರೂ ಇಲ್ಲೇ ಹೋಗಿರುತ್ತೆ ಕಣೋ, ನಾನು ಅಂಗಡಿಯಲ್ಲಿ ಕೂತಿದ್ದೆ, ನೀನು ಸ್ಟ್ಯಾಂಡಿನಲ್ಲಿ ಇದ್ದೆಯೇನೋ ಅಂದೆ.

ಅವನು ಏನೂ ಅನ್ನಲಿಲ್ಲ. ಪ್ರಿಂಟ್ ಆಗಿ, ಅಂಚು ಮಡಚಿ, ನಾನು ಹಗ್ಗ ಕಟ್ಟುವ ಐಲೆಟ್ ಬಳೆ ಹೊಡೆಯುವಾಗ ಬಟ್ಟೆಯ ಆ ತುದಿ ಹಿಡಿದುಕೊಂಡು ನಿಂತಿದ್ದ. ಮೂರನೆಯದೋ ನಾಲ್ಕನೆಯದೋ ಹೊಡೆಯುವ ಹೊತ್ತಿಗೆ ಕೇಳಿದ:

"ಟೋಲ್ ಹತ್ರ ಗಾಡಿ ಸ್ಲೋ ಆಯ್ತದಲ್ಲಣ್ಣ. ಅವಾಗ ಕೂಗ್ಕೊಬೋದಾಗಿತ್ತಲ್ವಾ ಅವ್ನು?"