ಕೋಣೆಯಲ್ಲಿ ಒಬ್ಬನೇ ಇದ್ದವನು ಯಾರಿಗೆ ಸುಳ್ಳು ಹೇಳಿದ?

ಪ್ರಿಯರೇ,

ನಿಮ್ಮ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೆಯ ಸಲ ಸಿಟ್ಟಿನಿಂದ. ಸಿಟ್ಟು ಬಾರದೆ ಇದ್ದಿದ್ದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಮುಗಿಸುತ್ತಿದ್ದೆ. ಹಾಗಾಗಿ ಈ ಉದ್ದನೆಯ ಪತ್ರವನ್ನು ಒಂದು ಬಗೆಯ ಮೆಚ್ಚುಗೆ ಅಂತಲೇ ತಿಳಿಯಿರಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸೀಸನ್ ಮುಗಿಯುತ್ತಿರುವ ಪುಟ್ಟ ಊರು ಕಣ್ಣಿಗೆ ಕಟ್ಟುತ್ತದೆ. ಖಾಲಿ ಲಾಡ್ಜುಗಳು, ದಡದ ಮೇಲೆ ಬೋರಲು ಮಲಗಿಸಿದ ದೋಣಿಗಳು, ಪ್ರವಾಸಿಗರು ಹೊರಟುಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ಜನ. ಲಾಡ್ಜ್ ನಡೆಸುವ ಹೆಂಗಸಿನ ಮಾತಂತೂ ಪಕ್ಕದ ಕೋಣೆಯಿಂದ ಕೇಳಿಸಿದ ಹಾಗಿದೆ. ಭಾಷೆ ಸಲೀಸು. ಇಷ್ಟು ಸಾಕು ಅಲ್ವಾ?

ಈಗ ಮೂರನೆಯ ಅಧ್ಯಾಯ. ಹೆಣ ಸಿಕ್ಕ ದಿನದ ರಾತ್ರಿ. ದೋಣಿಯವನು ತನ್ನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ನೀವು ಬರೆದದ್ದು ಇದು:

"ಅವನಿಗೆ ನಿದ್ದೆ ಹತ್ತಲಿಲ್ಲ. ಕಿಟಕಿಯಾಚೆ ಸರೋವರ ಕಪ್ಪಗೆ ಮಲಗಿತ್ತು. ಅಂಥ ಒಳ್ಳೆಯ ಮನುಷ್ಯನನ್ನು ಯಾರು ತಾನೇ ಕೊಂದಿರಬಹುದು ಎಂದು ಅವನ ಮನಸ್ಸು ಮತ್ತೆ ಮತ್ತೆ ಕೇಳಿಕೊಂಡಿತು. ಉತ್ತರ ಸಿಗಲಿಲ್ಲ."

ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ, ಕೊಂದವನು ಇವನೇ! ಅಲ್ಲಿಗೆ ಬಂದಾಗ ನಾನು ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದೆ. ಪುಟ ತಿರುವಿ ಮೂರನೆಯ ಅಧ್ಯಾಯಕ್ಕೆ ವಾಪಸ್ಸು ಹೋದೆ. ಸಾಲು ಸಾಲಾಗಿ ನೋಡೋಣ ಬನ್ನಿ.

ಮೊದಲ ಸಾಲಿಗೆ ತಕರಾರಿಲ್ಲ. ಕೊಂದವನಿಗೂ ನಿದ್ದೆ ಬರುವುದಿಲ್ಲ, ಸ್ನೇಹಿತನನ್ನು ಕಳೆದುಕೊಂಡವನಿಗೂ ಬರುವುದಿಲ್ಲ. ಎರಡೂ ಕಡೆಗೆ ಸಲ್ಲುವ ಸಾಲು. ನಿಮಗೆ ಗೊತ್ತಿದ್ದು ಬರೆದಿರೋ ಇಲ್ಲವೋ, ಪತ್ತೇದಾರಿ ಕಥೆಗೆ ಬೇಕಾದದ್ದು ಇಂಥವೇ.

ಎರಡನೆಯದು. ದಡದಲ್ಲೇ ಹುಟ್ಟಿ ಬೆಳೆದವನು 'ಸರೋವರ' ಅಂದುಕೊಳ್ಳುತ್ತಾನಾ? ಅದು ಪ್ರವಾಸಿಗರ ಮಾತು, ಬೋರ್ಡಿನ ಮೇಲಿನ ಮಾತು. ಅವನ ಪಾಲಿಗೆ ಅದು 'ನೀರು', ಅಷ್ಟೇ. ಅದಿರಲಿ. ಹಿಂದಿನ ರಾತ್ರಿ ಒಬ್ಬನನ್ನು ಆ ನೀರಿಗೆ ತಳ್ಳಿ ಬಂದವನು ಕಿಟಕಿಯಾಚೆ ನೋಡುತ್ತಾನಾ, ಅಥವಾ ಕಿಟಕಿಗೆ ಬೆನ್ನು ಹಾಕಿ ಮಲಗುತ್ತಾನಾ? ನೋಡಿದರೆ ಇಡೀ ನೀರನ್ನು ನೋಡುತ್ತಾನಾ, ಒಂದೇ ಜಾಗವನ್ನಾ? ಇದನ್ನು ನೀವು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ 'ಕಪ್ಪಗೆ ಮಲಗಿತ್ತು' ಅನ್ನುವ ಸವೆದ ಮಾತು ತಾನಾಗಿಯೇ ಉದುರಿಹೋಗುತ್ತಿತ್ತು.

ಮೂರನೆಯದು ಶುದ್ಧ ಸುಳ್ಳು. ಯಾರು ಕೊಂದರು ಅಂತ ಅವನ ಮನಸ್ಸು ಯಾಕೆ ಕೇಳುತ್ತದೆ?

ನಾಲ್ಕನೆಯದು ಎರಡೇ ಪದ. ನನಗೆ ಜಾಸ್ತಿ ಸಿಟ್ಟು ತರಿಸಿದ್ದು ಅದೇ. ಮೂರನೆಯ ಸಾಲಿಗೆ ಬೇಕಾದರೆ ವಾದ ಹೂಡಬಹುದು, ಅವನು ತನಗೆ ತಾನೇ ಮೋಸ ಮಾಡಿಕೊಳ್ಳುತ್ತಿದ್ದಾನೆ ಅಂತ. ಆದರೆ 'ಉತ್ತರ ಸಿಗಲಿಲ್ಲ' ಅಂತ ಹೇಳುತ್ತಿರುವವರು ನೀವು. ಉತ್ತರ ಅವನ ಹತ್ತಿರವೇ ಇತ್ತು. ನಿಮ್ಮ ಹತ್ತಿರವೂ ಇತ್ತು.

ನನ್ನ ಸಿಟ್ಟಿಗೆ ಒಂದು ಹಳೆಯ ಕಾರಣ ಇದೆ. ಇಪ್ಪತ್ತರ ಹರೆಯದಲ್ಲಿ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ್ದೆ. ಸಂಜೆ ಎಲ್ಲರೂ ಹೋದ ಮೇಲೆ ಕೂತು ಪತ್ತೇದಾರಿ ಧಾರಾವಾಹಿಯೊಂದನ್ನು ಬರೆದೆ. ಅದರಲ್ಲಿ ಅಂಚೆಯವನೇ ಕೊಲೆಗಾರ. ಓದುಗರಿಗೆ ಅನುಮಾನ ಬರಬಾರದು ಅಂತ ಒಂದು ಅಧ್ಯಾಯದಲ್ಲಿ ಅವನನ್ನು ಕೋಣೆಯಲ್ಲಿ ಕೂರಿಸಿ ಸತ್ತವನಿಗಾಗಿ ಬಿಕ್ಕಿ ಬಿಕ್ಕಿ ಅಳಿಸಿದ್ದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ.

ನಮ್ಮ ಸಂಪಾದಕರು ಜಾಸ್ತಿ ಮಾತಾಡುವವರಲ್ಲ. ಹಸ್ತಪ್ರತಿ ವಾಪಸ್ಸು ಬಂದಾಗ ಆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದೇ ಪ್ರಶ್ನೆ ಇತ್ತು: "ಇವನು ಯಾರಿಗೆ ಕೇಳಿಸಲಿ ಅಂತ ಅಳುತ್ತಿದ್ದಾನೆ?" ಅರ್ಥವಾಗದೆ ಅವರ ಕೋಣೆಗೆ ಹೋದೆ. "ಓದುಗರ ದಾರಿ ತಪ್ಪಿಸೋದಕ್ಕೆ ಸರ್" ಅಂದೆ. ಅವರು ಕನ್ನಡಕ ತೆಗೆದು, "ಓದುಗ ನೋಡುತ್ತಿದ್ದಾನೆ ಅಂತ ಅಂಚೆಯವನಿಗೆ ಯಾರಪ್ಪಾ ಹೇಳಿದ್ದು?" ಅಂದರು. ಕಿವಿ ಬಿಸಿಯಾಗಿ ಹೊರಗೆ ಬಂದೆ. ಆ ಧಾರಾವಾಹಿ ಎಲ್ಲೂ ಅಚ್ಚಾಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು.

ಈ ಜಗಳ ನನ್ನದೂ ಅಲ್ಲ, ನಮ್ಮ ಸಂಪಾದಕರದೂ ಅಲ್ಲ, ಹಳೆಯದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದರು. ಅವರೂ ಪತ್ತೇದಾರಿ ಕಥೆ ಬರೆಯುತ್ತಿದ್ದವರೇ. ಮೊದಲನೆಯ ಕಟ್ಟಳೆಯ ಸಾರ ಇಷ್ಟು: ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು, ಆದರೆ ಓದುಗರು ಅವನ ಮನಸ್ಸಿನೊಳಗೆ ಹೋಗಿ ಬಂದಿರಬಾರದು. ತಮಾಷೆಯೆಂದರೆ ಅದಕ್ಕೆ ಮೂರು ವರ್ಷ ಮೊದಲೇ ಅಗಾಥಾ ಕ್ರಿಸ್ಟಿ ಕೊಲೆಗಾರನ ಬಾಯಲ್ಲೇ ಇಡೀ ಕಾದಂಬರಿ ಹೇಳಿಸಿ ದಕ್ಕಿಸಿಕೊಂಡಿದ್ದರು. ಯಾವುದು ಅಂತ ಹೇಳಿ ಓದದವರ ಖುಷಿ ಕೆಡಿಸುವುದಿಲ್ಲ. ಆದರೆ ಓದಿದವರು ಮೊದಲ ಪುಟಗಳಿಗೆ ಮರಳಿ ಹೋಗಿ ನೋಡಲಿ. ಕಥೆ ಹೇಳುವ ಆ ಕೊಲೆಗಾರ ಒಂದಿಷ್ಟು ಹೊತ್ತಿನ ಲೆಕ್ಕವನ್ನೇ ನುಂಗಿಕೊಳ್ಳುತ್ತಾನೆ. ಹೇಳಬೇಕಾದದ್ದನ್ನು ಹೇಳದೆ ದಾಟಿಬಿಡುತ್ತಾನೆ. ನಿಮ್ಮ ದೋಣಿಯವನ ಕೋಣೆಯಲ್ಲಿ ನಡೆದದ್ದು ಅದಲ್ಲ.

ನಿಮ್ಮ ಜೊತೆಪತ್ರದಲ್ಲಿ 'ಇದು ಘಟನೆಗಳ ಕಾದಂಬರಿಯಲ್ಲ, ಪಾತ್ರಗಳ ಕಾದಂಬರಿ' ಅಂತ ಬರೆದಿದ್ದೀರಿ. ಹಾಗಾದರೆ ತಪ್ಪು ಇನ್ನೂ ದೊಡ್ಡದು. ಬರೀ ಒಗಟಿನ ಕಥೆಯಾಗಿದ್ದರೆ ಓದುಗ ಗೊಣಗಿ ಸುಮ್ಮನಾಗುತ್ತಿದ್ದ. ಇಲ್ಲಿ ನೀವೇ ಅವನನ್ನು ಕರೆದು, ಬಾ, ಈ ಮನುಷ್ಯನ ಒಳಗನ್ನು ನೋಡು ಅಂದಿದ್ದೀರಿ. ಅಲ್ಲಿ ನೋಡಿದರೆ ಬಣ್ಣ ಬಳಿದ ಪರದೆ!

ಏನು ಮಾಡಬಹುದು? ಉಪಾಯ ನಿಮ್ಮ ಹಸ್ತಪ್ರತಿಯಲ್ಲೇ ಇದೆ, ನಿಮಗೇ ಕಂಡಿಲ್ಲ. ಮೊದಲ ಅಧ್ಯಾಯದಲ್ಲಿ ಕೊಲೆಯಾದ ದಿನ ಜೋರು ಗಾಳಿ, ಯಾರೂ ದೋಣಿ ಇಳಿಸಲಿಲ್ಲ, ಹಗ್ಗ ಹುಟ್ಟು ಎಲ್ಲ ಒಳಗೆ ತಂದಿಟ್ಟರು ಅಂತ ಬರೆದಿದ್ದೀರಿ. ಆಮೇಲೆ ಮರೆತೇಬಿಟ್ಟಿದ್ದೀರಿ. ಮೂರನೆಯ ಅಧ್ಯಾಯದ ಆ ನಾಲ್ಕು ಸಾಲಿನಲ್ಲಿ ಮೊದಲನೆಯದನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಹೊಡೆದುಹಾಕಿ ಇಷ್ಟೇ ಬರೆದರೆ ಹೇಗೆ:

"ನಿದ್ದೆ ಹತ್ತಲಿಲ್ಲ. ಎದ್ದು ಮೂಲೆಯಲ್ಲಿದ್ದ ಹಗ್ಗ ಮುಟ್ಟಿ ನೋಡಿದ. ಇನ್ನೂ ಒದ್ದೆ. ನಾಳೆಯಾದರೂ ಬಿಸಿಲು ಬಂದರೆ ಸಾಕು ಅಂದುಕೊಂಡ."

ಮೊದಲ ಓದಿಗೆ ಇವನೊಬ್ಬ ದುಡಿಯುವ ಮನುಷ್ಯ, ನಾಳೆಯ ಕೆಲಸದ ಚಿಂತೆಯಲ್ಲಿದ್ದಾನೆ. ಎರಡನೆಯ ಓದಿಗೆ ಮೈ ಜುಮ್ಮೆನ್ನಬೇಕು: ಯಾರೂ ನೀರಿಗಿಳಿಯದ ದಿನ ಒಳಗಿಟ್ಟ ಹಗ್ಗ ಒದ್ದೆಯಾದದ್ದು ಹೇಗೆ? ಅವನು ಅಂದುಕೊಂಡದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಇದು ನನ್ನ ಸಾಲು, ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮದೇ ಹುಡುಕಿ.

ಇನ್ನೊಂದು ಇದೆ. ಎರಡನೆಯ ಅಧ್ಯಾಯದ ಹೆಣ. ನಿಮ್ಮ ನೀರು ಎಷ್ಟು ತಣ್ಣಗೆ ಅಂದರೆ ಈಜುವವರು ಐದು ನಿಮಿಷಕ್ಕೆ ನಡುಗುತ್ತಾ ದಡಕ್ಕೆ ಬರುತ್ತಾರೆ. ಎಷ್ಟು ಆಳ ಅಂದರೆ ತಳ ಕಂಡವರಿಲ್ಲ. ಎರಡೂ ನೀವೇ ಬರೆದದ್ದು. ಅಂಥ ನೀರಿನ ನಡುವೆ ರಾತ್ರಿ ಮುಳುಗಿದವನು ಬೆಳಿಗ್ಗೆ ಲಾಡ್ಜಿನ ಎದುರಿಗೇ ತೇಲುತ್ತಾನೆ! ಮುಳುಗಿ ಸತ್ತವರ ದೇಹ ಸಾಮಾನ್ಯವಾಗಿ ಮೊದಲು ತಳಕ್ಕೆ ಇಳಿಯುತ್ತದೆ. ಕೊಳೆಯಲು ಶುರುವಾಗಿ ಒಳಗೆ ಅನಿಲ ತುಂಬಿದ ಮೇಲೆ ಏಳುತ್ತದೆ. ಬೆಚ್ಚಗಿನ ನೀರಾದರೆ ಕೆಲವೇ ದಿನ, ತಣ್ಣನೆಯದಾದರೆ ವಾರಗಟ್ಟಲೆ. ನೀರು ಅತಿ ಹೆಚ್ಚು ತೂಕ ತೂಗುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೇ ಚಳಿ ಪ್ರದೇಶದ ಆಳದ ಸರೋವರಗಳ ತಳ ಬೇಸಿಗೆಯಲ್ಲೂ ಹೆಚ್ಚುಕಡಿಮೆ ಫ್ರಿಜ್ಜಿನ ಒಳಗಿನ ಹಾಗೆ ಇರುತ್ತದೆ. ಅದರ ಮೇಲೆ ಅಷ್ಟು ನೀರಿನ ಒತ್ತಡ ಬೇರೆ. ಅಲ್ಲಿಂದ ಮೇಲೆ ಬಾರದೆ ಉಳಿದುಹೋಗುವ ದೇಹಗಳೂ ಇವೆ.

ಹೆಣ ಬೆಳಿಗ್ಗೆಯೇ ಬೇಕಿದ್ದರೆ ಆಳ ಕಡಿಮೆ ಇರುವ ಕಡೆ ಕೊಲ್ಲಿಸಿ, ದೋಣಿ ಕಟ್ಟೆಯ ಕಂಬಗಳ ನಡುವೆ ಸಿಕ್ಕಿಕೊಳ್ಳಲಿ. ನನ್ನನ್ನು ಕೇಳಿದರೆ, ಸಿಗದಿರುವುದೇ ಚೆಂದ. ಸೀಸನ್ ಮುಗಿಯುತ್ತಿದೆ. ಹೆಣ ಸಿಗದೆ ಕೊಲೆ ಅಂತ ಸಾಬೀತು ಮಾಡುವುದು ಕಷ್ಟ, ಯಾರನ್ನಾದರೂ ಹಿಡಿದಿಡುವುದೂ ಕಷ್ಟ. ಅನುಮಾನ ಬರಬೇಕಾದವರು ಒಬ್ಬೊಬ್ಬರೇ ಕೋಣೆ ಖಾಲಿ ಮಾಡಿ ಹೊರಡುತ್ತಾರೆ, ಲಾಡ್ಜಿನ ಹೆಂಗಸು ರಿಜಿಸ್ಟರ್ ಹಿಡಿದು ನೋಡುತ್ತಾ ನಿಲ್ಲುತ್ತಾಳೆ. ಕೊನೆಗೆ ಊರವರಷ್ಟೇ ಉಳಿಯುತ್ತಾರೆ, ದೋಣಿಯವನೂ ಸೇರಿ. ಪ್ರತಿ ಬೆಳಿಗ್ಗೆ ಅವನು ನೀರಿನ ಕಡೆ ನೋಡಲೇಬೇಕು.

ಪೊಲೀಸ್ ಅಧಿಕಾರಿ, ಆಸ್ತಿಯ ಜಗಳ, ಕೊನೆಯ ಬೆನ್ನಟ್ಟುವಿಕೆ, ಇವುಗಳ ಬಗ್ಗೆ ನಾನು ಏನೂ ಹೇಳಿಲ್ಲ. ಸದ್ಯಕ್ಕೆ ಹಾಗೇ ಇರಲಿ. ಇಡೀ ಪ್ರತಿ ಮತ್ತೆ ಕಳಿಸುವುದು ಬೇಡ. ಮೂರನೆಯ ಅಧ್ಯಾಯ ಒಂದನ್ನೇ ಹೊಸದಾಗಿ ಬರೆದು ಕಳಿಸಿ. ಮೊದಲ ಸಾಲು ಹಾಗೇ ಇರಲಿ.

ನಿಮ್ಮ,
ಸಂಪಾದಕ