ಲಕ್ಷದ್ವೀಪದಲ್ಲಿ ಸ್ಟಾಫ್ ನರ್ಸ್ ಆಗಿ ಮೊದಲ ಕೆಲಸಕ್ಕೆ ಸೇರಬಹುದೇ?

ನರ್ಸಿಂಗ್ ಮುಗಿದ ಕೂಡಲೇ ಲಕ್ಷದ್ವೀಪದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿದೆ, ರೋಗಿಗಳು ಕಡಿಮೆ ಇರುವುದರಿಂದ ಮೊದಲ ಕೆಲಸಕ್ಕೆ ಒಳ್ಳೆಯ ಜಾಗ ಎನ್ನುತ್ತಾರೆ, ಆದರೆ ಮನೆಯಿಂದ ಅಷ್ಟು ದೂರ ಒಂಟಿಯಾಗಿ ಇರಲು ಆದೀತೇ ಎಂದು ಕೇಳಿದ್ದೀರಿ. ನಾನೂ ಇದೇ ಮಾತು ನಂಬಿ, ಇದೇ ಭಯ ಇಟ್ಟುಕೊಂಡು ಹೋದವಳು. ಭಯ ಸುಳ್ಳಾಯಿತು, ನಂಬಿದ ಮಾತೂ ಸುಳ್ಳಾಯಿತು, ಮತ್ತು ಅದಕ್ಕೆ ಬೆಲೆ ತೆತ್ತವರು ಬೇರೆಯವರು.

ಒಂಟಿತನದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಲಕ್ಷದ್ವೀಪದಲ್ಲಿ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ ಮಾತ್ರ. ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲಿ ಜನಸಂಖ್ಯೆ 64,473. ಅಷ್ಟು ಚಿಕ್ಕ ಊರಿನಲ್ಲಿ ಆಸ್ಪತ್ರೆಗೆ ಹೊಸ ಸಿಸ್ಟರ್ ಬಂದ ಸುದ್ದಿ ನೀವು ದೋಣಿಯಿಂದ ಇಳಿಯುವ ಮೊದಲೇ ಮನೆಮನೆಗೆ ತಲುಪಿರುತ್ತದೆ. ನಾನಿದ್ದದ್ದು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳ ಗುಂಪಿನ ಒಂದು ದ್ವೀಪದಲ್ಲಿ. ಈ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿತ್ತೆಂಬುದು ಅಲ್ಲಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಬಿ.ಪಿ. ತೋರಿಸಲು ಬರುತ್ತಿದ್ದ ಹಿರಿಯರೊಬ್ಬರು ನಾನು ಮಂಗಳೂರಿನ ಕಡೆಯವಳೆಂದು ತಿಳಿದ ದಿನದಿಂದ, ಹಳೇ ಬಂದರಿನ ಬೀದಿಗಳನ್ನು ಒಂದೊಂದಾಗಿ ಹೆಸರಿಸಿ, ಆ ಅಂಗಡಿ ಈಗಲೂ ಇದೆಯೇ, ಈ ಗೋದಾಮು ಏನಾಯಿತು ಎಂದು ವಿಚಾರಿಸುತ್ತಿದ್ದರು. ಅವರು ಆಡುವ ಮಲಯಾಳ ಕೇರಳದ ಮಲಯಾಳದಂತಿಲ್ಲ. ಆದರೂ ನೋವು, ಜ್ವರ, ಬಸಿರು, ಬಾಣಂತನದ ಮಾತುಗಳು ಕೆಲವೇ ವಾರಗಳಲ್ಲಿ ಕಿವಿಗೆ ಕೂರುತ್ತವೆ. ಹೆಣ್ಣುಮಗಳು ರಾತ್ರಿ ಪಾಳಿಗೆ ಒಬ್ಬಳೇ ನಡೆದು ಹೋಗಲು ನಾನು ಅಲ್ಲಿ ಒಂದು ದಿನವೂ ಹೆದರಲಿಲ್ಲ. ಮನೆಯ ನೆನಪಾಗುತ್ತದೆ, ಕಣ್ಣೀರೂ ಬರುತ್ತದೆ. ಅದಕ್ಕಾಗಿ ಯಾರೂ ಕೆಲಸ ಬಿಡಬೇಕಾಗಿಲ್ಲ.

ನೀವು ಯೋಚಿಸಬೇಕಾದದ್ದು 'ರೋಗಿಗಳು ಕಡಿಮೆ, ಆದ್ದರಿಂದ ಸುಲಭ' ಎಂಬ ಮಾತಿನ ಬಗ್ಗೆ. ಇದನ್ನು ಹೇಳುವವರು ದಿನಕ್ಕೆ ಎಷ್ಟು ಚೀಟಿ ಬರೆಯಬೇಕೆಂಬುದನ್ನಷ್ಟೇ ಎಣಿಸಿರುತ್ತಾರೆ. ಚೀಟಿಗಳು ಕಡಿಮೆ ಎಂಬುದು ನಿಜ. ಆದರೆ ಅಪಾಯದ ರೋಗಿ ಅಪರೂಪಕ್ಕೆ ಬರುವ ಕಡೆ, ಆ ಅಪಾಯವನ್ನು ನೀವು ಮೊದಲ ಬಾರಿ ಕಾಣುವ ದಿನ ನಿಮ್ಮ ಪಕ್ಕದಲ್ಲಿ ಅದನ್ನು ನೂರು ಸಲ ಕಂಡವರು ಯಾರೂ ಇರುವುದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಮಾಡಿದ್ದೆ. ಬಸುರಿಯರ ರಕ್ತದೊತ್ತಡ ಏರುವುದನ್ನು ಅಲ್ಲಿ ಬೇಕಾದಷ್ಟು ನೋಡಿದ್ದೆ, ಪಟ್ಟಿಯಲ್ಲಿ ಬರೆದಿದ್ದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಒಂದು ಅಂಕಿ ಅನುಮಾನ ಹುಟ್ಟಿಸಿದರೆ ತಲೆ ಎತ್ತಿ ಸೀನಿಯರ್ ಸಿಸ್ಟರ್ ಮುಖ ನೋಡಿದರೆ ಸಾಕಾಗುತ್ತಿತ್ತು. ನನಗೆ ಬರುತ್ತದೆ ಎಂದು ನಾನು ನಂಬಿದ್ದ ವಿದ್ಯೆಯ ಅರ್ಧ ಭಾಗ ಅವರ ಮುಖದಲ್ಲಿತ್ತು ಎಂಬುದು ದ್ವೀಪಕ್ಕೆ ಹೋದ ಮೇಲಷ್ಟೇ ತಿಳಿಯಿತು.

ಮಳೆಗಾಲ, ಆಗಸ್ಟ್ ತಿಂಗಳು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಗಳೂರಿನಿಂದ ಸಾಮಾನು ತರುವ ಮಂಜಿಗಳ, ಎಂದರೆ ಸರಕಿನ ಮರದ ಹಡಗುಗಳ, ಓಡಾಟವನ್ನು ನಿಲ್ಲಿಸಿರುತ್ತಾರೆ. ಕೊಚ್ಚಿಯ ಹಡಗು ಬಂದರೂ ಸಮುದ್ರ ಕೆಟ್ಟಿದ್ದರೆ ಜನರನ್ನು ಸಣ್ಣ ದೋಣಿಗೆ ಇಳಿಸುವುದೇ ದೊಡ್ಡ ಕೆಲಸ. ನಮ್ಮ ವೈದ್ಯಾಧಿಕಾರಿಗಳು ಬಹಳ ದಿನಗಳ ಮೇಲೆ ರಜೆಯಲ್ಲಿ ಊರಿಗೆ ಹೋಗಿದ್ದರು, ಪಕ್ಕದ ದ್ವೀಪದ ಡಾಕ್ಟರು ಫೋನಿನಲ್ಲಿ ಸಿಗುತ್ತಿದ್ದರು. ಮಧ್ಯಾಹ್ನ ಒಬ್ಬ ಚೊಚ್ಚಲ ಬಸುರಿ ಅತ್ತೆಯ ಜೊತೆ ಬಂದಳು. ಎಂಟು ತಿಂಗಳು ತುಂಬಿತ್ತು, ಬೆಳಗಿನಿಂದ ತಲೆಭಾರ ಎಂದಳು. ಬಿ.ಪಿ. 146/94, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಒಂದು ಪ್ಲಸ್, ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು.

ಇಲ್ಲಿಯೇ ನಾನು ತಪ್ಪಿದ್ದು. ಇದನ್ನು ವಿವರವಾಗಿ ಹೇಳದೆ ನನಗೆ ಸಮಾಧಾನವಿಲ್ಲ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಇದು ತಪ್ಪಿನಂತೆ ಕಾಣುವುದೇ ಇಲ್ಲ. ಬಸುರಿಯಲ್ಲಿ 140/90 ದಾಟಿದ ಒತ್ತಡವನ್ನು ಖಚಿತವಾಗಿ ರೋಗವೆನ್ನಬೇಕಾದರೆ ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಬಾರಿ ಅಳೆಯಬೇಕೆಂದು ಪುಸ್ತಕ ಹೇಳುತ್ತದೆ. 160/110 ಮುಟ್ಟಿದ್ದರೆ ಕಾಯುವಂತಿಲ್ಲ, ಅವಳದು ಅಷ್ಟಿರಲಿಲ್ಲ. ನಾನು ಆ ನಿಯಮವನ್ನು ಅಕ್ಷರಶಃ ಪಾಲಿಸಿದೆ. ಎಡಮಗ್ಗುಲಿಗೆ ಮಲಗಿಸಿದೆ, ಮಗುವಿನ ಎದೆಬಡಿತ ಕೇಳಿದೆ, ಚೆನ್ನಾಗಿತ್ತು, ಸಂಜೆ ಮತ್ತೊಮ್ಮೆ ನೋಡೋಣವೆಂದು ಅತ್ತೆಗೆ ಧೈರ್ಯ ಹೇಳಿದೆ. ಆದರೆ ಆ ನಾಲ್ಕು ಗಂಟೆಗಳನ್ನು ಬರೆದವರ ಕಣ್ಣ ಮುಂದಿದ್ದದ್ದು ಆಪರೇಷನ್ ಥಿಯೇಟರು ಇರುವ ಆಸ್ಪತ್ರೆ. ಅಲ್ಲಿ ಮಧ್ಯಾಹ್ನದ ನಂತರ ನಾಲ್ಕು ಗಂಟೆ ಕಳೆದರೆ ಸಂಜೆಯಾಗುತ್ತದೆ, ಅಷ್ಟೇ. ನಾನಿದ್ದ ದ್ವೀಪದಲ್ಲಿ ಆಗ ಕತ್ತಲಾದ ಮೇಲೆ ಹೆಲಿಕಾಪ್ಟರ್ ಇಳಿಸುತ್ತಿರಲಿಲ್ಲ. ರೋಗಿಯನ್ನು ಕಳಿಸಬೇಕೆಂದು ಡಾಕ್ಟರು ಬರೆಯಬೇಕು, ಮೇಲಿನವರು ಒಪ್ಪಬೇಕು, ಹವಾಮಾನ ನೋಡಬೇಕು, ಹೆಲಿಕಾಪ್ಟರ್ ಹೊರಟು ಬಂದು ಬೆಳಕಿರುವಾಗಲೇ ವಾಪಸಾಗಬೇಕು. ಇದನ್ನೆಲ್ಲ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ನನ್ನ ಕೈಯಲ್ಲಿದ್ದದ್ದು ಮಧ್ಯಾಹ್ನದ ಆ ಒಂದೆರಡು ಗಂಟೆ ಮಾತ್ರ. ರೋಗ ಖಚಿತವಾಗಲೆಂದು ನಾನು ಕಾದ ಹೊತ್ತು, ಅವಳನ್ನು ದ್ವೀಪದಿಂದ ಹೊರಗೆ ಕಳಿಸಬಹುದಾಗಿದ್ದ ಅಷ್ಟೂ ಹೊತ್ತು.

ಪುಸ್ತಕದ ಹಿಂದೆ ಇನ್ನೊಂದು ಕಾರಣವೂ ಅಡಗಿತ್ತು. ಅದಕ್ಕೆ ಸ್ವಲ್ಪ ದಿನಗಳ ಹಿಂದೆ ಎದೆನೋವೆಂದು ಬಂದ ಒಬ್ಬರಿಗಾಗಿ ನಾನು ಗಾಬರಿಯಿಂದ ಡಾಕ್ಟರನ್ನು ಊಟದಿಂದ ಎಬ್ಬಿಸಿದ್ದೆ, ಕೊನೆಗೆ ಅದು ಬರೀ ಗ್ಯಾಸ್ಟ್ರಿಕ್ ಆಗಿತ್ತು. 'ಹೊಸ ಸಿಸ್ಟರ್ ಬೇಗ ಹೆದರುತ್ತಾರೆ' ಎಂಬ ಮಾತು ಒಂದೇ ದಿನದಲ್ಲಿ ದ್ವೀಪವಿಡೀ ಸುತ್ತಿ ನನ್ನ ಕಿವಿಗೂ ಬಿದ್ದಿತ್ತು. ಡಾಕ್ಟರು ನನ್ನನ್ನು ಗದರಿರಲಿಲ್ಲ, ಹಾಗೆಯೇ ಕರೆಯುತ್ತಿರಿ ಎಂದೇ ಹೇಳಿದ್ದರು. ಆದರೂ ಈ ಸಲ ಕೈಯಲ್ಲಿ ಎರಡು ಅಂಕಿಗಳಿದ್ದರೆ ಯಾರೂ ಏನೂ ಹೇಳಲಾರರೆಂದು ಮನಸ್ಸು ಲೆಕ್ಕ ಹಾಕಿತು. ಆ ಲೆಕ್ಕದಲ್ಲಿ ನನ್ನ ಮರ್ಯಾದೆ ಇತ್ತು, ಆ ಹುಡುಗಿ ಇರಲಿಲ್ಲ.

ಸಂಜೆ ಐದೂವರೆಗೆ 168/112. ಕಣ್ಣಿಗೆ ಕಿಡಿ ಹಾರಿದಂತಾಗುತ್ತಿದೆ ಎಂದಳು, ಎದೆಗೂಡಿನ ಕೆಳಗೆ ನೋವು ಎಂದಳು. ಫೋನು ಮಾಡಿದೆ, ಉಪಗ್ರಹದ ಮೂಲಕ ಬರುತ್ತಿದ್ದ ಸಂಪರ್ಕ, ಎರಡು ಬಾರಿ ಮಾತು ನಡುವೆಯೇ ಕಡಿಯಿತು. ಡಾಕ್ಟರು ಫಿಟ್ಸ್ ತಡೆಯುವ ಮೆಗ್ನೀಶಿಯಂ ಸಲ್ಫೇಟ್ ಕೊಡಲು ಹೇಳಿ, ಹೆಲಿಕಾಪ್ಟರಿಗಾಗಿ ತಾವೇ ಮಾತಾಡುತ್ತೇನೆಂದರು. ಒಂದೊಂದು ಆಂಪೂಲ್ ಎರಡು ಮಿಲಿ, ಅದರಲ್ಲಿ ಒಂದು ಗ್ರಾಂ ಔಷಧಿ. ಒಂದೊಂದು ಪೃಷ್ಠಕ್ಕೆ ಐದೈದು ಗ್ರಾಂ ಆಳವಾಗಿ ಚುಚ್ಚಬೇಕು, ಎಂದರೆ ಹತ್ತು ಆಂಪೂಲ್‌ಗಳ ಕತ್ತು ಮುರಿದು ಸಿರಿಂಜಿಗೆ ಎಳೆಯಬೇಕು. ಬೆರಳು ನಡುಗುತ್ತಿದ್ದುದರಿಂದ ಎಣಿಕೆ ತಪ್ಪಬಾರದೆಂದು ಆಯಾ ಅವರಿಗೆ ಗಟ್ಟಿಯಾಗಿ ಎಣಿಸಲು ಹೇಳಿದೆ. ಮೊದಲ ಐದು ಒಳಗೆ ಹೋದವು. ಆರನೆಯದನ್ನು ಮುರಿಯುವಾಗ ಅವಳಿಗೆ ಫಿಟ್ಸ್ ಬಂತು.

ಆ ರಾತ್ರಿ ಹೆಲಿಕಾಪ್ಟರ್ ಬರಲಿಲ್ಲ. ಮೋಡ ಕವಿದಿತ್ತು, ಕತ್ತಲಾಗಿತ್ತು. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಒತ್ತಡದ ಔಷಧಿ ಕೊಟ್ಟೆ. ಗಂಟೆಗೆ ಮೂವತ್ತು ಮಿಲಿಯಾದರೂ ಮೂತ್ರ ಬರುತ್ತಿದೆಯೇ, ನಿಮಿಷಕ್ಕೆ ಉಸಿರು ಹದಿನಾರಕ್ಕಿಂತ ಇಳಿದಿಲ್ಲವಲ್ಲ, ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತಿದೆಯೇ ಎಂದು ನೋಡುತ್ತ, ಔಷಧಿ ಹೆಚ್ಚಾದರೆ ಬೇಕಾಗುವ ಕ್ಯಾಲ್ಸಿಯಂ ಗ್ಲುಕೋನೇಟನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಬೆಳಗು ಮಾಡಿದೆ. ಬೆಳಗಾಗುವ ಮುನ್ನ ಮಗುವಿನ ಎದೆಬಡಿತ ಸಿಗಲಿಲ್ಲ. ಮೋಡ ಸರಿದ ಮೇಲೆ ಹೆಲಿಕಾಪ್ಟರ್ ಬಂದು ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿತು. ತಾಯಿ ಉಳಿದಳು. ಹಿಂದಿನ ಸಂಜೆಯೇ ತಲುಪಿದ್ದರೆ ಮಗುವನ್ನೂ ಉಳಿಸಬಹುದಿತ್ತೇನೋ ಎಂದು ಡಾಕ್ಟರು, ನಾನು ಒತ್ತಾಯಿಸಿ ಕೇಳಿದ ಮೇಲೆ, ಮೃದುವಾಗಿಯೇ ಹೇಳಿದರು. ಊರಿನವರು ನನ್ನನ್ನು ಬೈಯಲಿಲ್ಲ. ಆ ಮನೆಯ ಮುಂದೆ ದಿನವೂ ಹಾದು ಹೋಗಬೇಕಾಗಿತ್ತು, ಅಲ್ಲಿ ಬೇರೆ ದಾರಿಗಳಿರುವುದಿಲ್ಲ. ಗುತ್ತಿಗೆ ಮುಗಿಯುವ ಮೊದಲೇ ಬಿಡುಗಡೆ ಕೇಳಿ ಬಂದೆ.

ಬಂದವಳು ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಸೇರಿದೆ. ಸಂಬಳ ಕಡಿಮೆ, ಮಂಚಗಳಿಗಿಂತ ಬಾಣಂತಿಯರು ಹೆಚ್ಚು, ರಾತ್ರಿ ಪಾಳಿಯಲ್ಲಿ ಕೂರಲು ಪುರುಸೊತ್ತಿಲ್ಲ. ಆದರೆ ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂಬುದು ನನಗೆ ಬಂದದ್ದು ಅಲ್ಲಿಯೇ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ: ದ್ವೀಪಕ್ಕೆ ಹೋಗಿ, ಆದರೆ ಮೊದಲ ಕೆಲಸಕ್ಕೆ ಹೋಗಬೇಡಿ. ಗದ್ದಲವಿರುವ ಜಿಲ್ಲಾ ಆಸ್ಪತ್ರೆಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ, ಅದರಲ್ಲೂ ಹೆರಿಗೆ ವಾರ್ಡಿನಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿ ಆಮೇಲೆ ಹೋಗಿ. ದ್ವೀಪದ ಜನಕ್ಕೆ ಒಳ್ಳೆಯ ನರ್ಸುಗಳು ಬೇಕು. 2011ರಲ್ಲಿ ಬಿತ್ರಾದಲ್ಲಿದ್ದದ್ದು 271 ಜನ, ಅವರಿಗೂ ನುರಿತ ಕೈಯೇ ಬೇಕು. ಕಲಿಯುವ ಕೈಗಳನ್ನು ಅಲ್ಲಿಗೆ ಕಳಿಸಿ, ನುರಿತ ಕೈಗಳನ್ನು ದೊಡ್ಡ ಊರುಗಳಲ್ಲಿ ಇಟ್ಟುಕೊಳ್ಳುವ ಕ್ರಮವನ್ನು ನಾನು ಒಪ್ಪುವುದಿಲ್ಲ.

ಮನೆಯ ಪರಿಸ್ಥಿತಿಯಿಂದಾಗಿ ಈಗಲೇ ಹೋಗಬೇಕಾದರೆ, ಕ್ವಾರ್ಟರ್ಸ್ ಹೇಗಿದೆ, ಊಟ ಹೇಗೆ ಎಂದು ಕೇಳುವ ಮೊದಲು ಆ ದ್ವೀಪದಲ್ಲಿ ಈಗ ಕೆಲಸದಲ್ಲಿರುವ ನರ್ಸ್ ಒಬ್ಬರ ಫೋನ್ ನಂಬರ್ ಹುಡುಕಿ ಮಾತಾಡಿ. ಡಾಕ್ಟರು ರಜೆ ಹೋದಾಗ ಅವರ ಜಾಗಕ್ಕೆ ಯಾರಾದರೂ ಬಂದು ಇರುತ್ತಾರೋ, ಫೋನಿನಲ್ಲಿ ಮಾತ್ರವೋ? ರೋಗಿಯನ್ನು ಹೊರಗೆ ಕಳಿಸಬೇಕಾದರೆ ದಿನದ ಯಾವ ಹೊತ್ತಿನೊಳಗೆ ಹೇಳಿರಬೇಕು? ರಕ್ತ ಬೇಕಾದರೆ ಯಾರ ಮನೆ ಬಾಗಿಲು ತಟ್ಟಬೇಕು, ಅಂಥವರ ಪಟ್ಟಿ ಇದೆಯೇ? ಈ ಮೂರಕ್ಕೆ ಅವರು ತಡವರಿಸದೆ ಉತ್ತರಿಸಿದರೆ ಅದು ಸುವ್ಯವಸ್ಥಿತ ಕೇಂದ್ರವೆಂದು ತಿಳಿಯಿರಿ. ಈಗ ಫೋನಿನ ಸ್ಥಿತಿ ನನ್ನ ಕಾಲದಂತಿಲ್ಲ. ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಎಳೆದ ಆಪ್ಟಿಕಲ್ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಅದನ್ನು ಸಂಕೋಚವಿಲ್ಲದೆ ಬಳಸಿ. ಅನುಮಾನ ಬಂದ ಕ್ಷಣವೇ ಡಾಕ್ಟರಿಗೆ ಹೇಳಿ, ಹತ್ತರಲ್ಲಿ ಒಂಬತ್ತು ಸಲ ಅದು ಗ್ಯಾಸ್ಟ್ರಿಕ್ ಆಗಲಿ. ಬೇಗ ಹೆದರುವ ಸಿಸ್ಟರ್ ಎಂದು ಊರು ಕರೆದರೆ ಕರೆಯಲಿ.

ಇನ್ನೊಂದು ವಿಷಯ. ಆದೇಶದಲ್ಲಿ ಸೇರುವ ದಿನಾಂಕ ಮೇ ಕೊನೆಗೋ ಜೂನಿಗೋ ಇದ್ದರೆ, ಸೆಪ್ಟೆಂಬರ್ ಮುಗಿದ ಮೇಲೆ ಸೇರಲು ಅವಕಾಶ ಕೊಡಿ ಎಂದು ಪತ್ರ ಬರೆಯಿರಿ. ಸಮುದ್ರ ಶಾಂತವಿರುವಾಗ ಡಾಕ್ಟರನ್ನೂ ಆಯಾಗಳನ್ನೂ ದೋಣಿಯವರನ್ನೂ ಪರಿಚಯ ಮಾಡಿಕೊಂಡು, ಲೇಬರ್ ರೂಮಿನ ಪ್ರತಿ ಕಪಾಟಿನಲ್ಲಿ ಏನಿದೆಯೆಂದು ಕೈಯಿಂದ ಮುಟ್ಟಿ ನೋಡಿಕೊಂಡಿದ್ದರೆ ಮೊದಲ ಮಳೆಗಾಲವನ್ನು ಎದುರಿಸಬಹುದು. ಅವರು ಒಪ್ಪದಿದ್ದರೆ ಈ ಸಲ ಬಿಟ್ಟುಬಿಡಿ; ಇಂಥ ಗುತ್ತಿಗೆ ಹುದ್ದೆಗಳಿಗೆ ಅರ್ಜಿ ಮತ್ತೆ ಕರೆಯುತ್ತಾರೆ.